ಊಟ ಆಯ್ತಾ ಅಂದ ಮೇಲೆ ಏನು ಕೇಳಬೇಕು? ದೂರದ ಗೆಳತಿಯರ ಹರಟೆ ಉಳಿಸಿಕೊಳ್ಳುವ ಬಗೆ

ನಾನು 1982ರಲ್ಲಿ ಬೆಂಗಳೂರಿನ ಟ್ರಂಕ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದವಳು. ಆಗ ದೂರದ ಊರಿಗೆ ಮಾತಾಡಲು 180 ತಿರುಗಿಸಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಮಾತಿಗೆ ಮೂರು ಮೂರು ನಿಮಿಷದ ಲೆಕ್ಕ. ಆರ್ಡಿನರಿ ಬುಕ್ ಮಾಡಿದವರು ಗಂಟೆಗಟ್ಟಲೆ ಕಾಯುತ್ತಿದ್ದರು. ಅರ್ಜೆಂಟ್ ಅಂದರೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್ ಅಂದರೆ ಎಂಟು ಪಟ್ಟು. ಮೂರು ನಿಮಿಷ ಆಗುತ್ತಿದ್ದ ಹಾಗೆ ನಾವು ನಡುವೆ ಬಾಯಿ ಹಾಕಿ, "ತ್ರೀ ಮಿನಿಟ್ಸ್ ಆಯ್ತು, ಎಕ್ಸ್‌ಟೆಂಡ್ ಮಾಡ್ಲಾ?" ಅಂತ ಕೇಳಬೇಕಿತ್ತು.

ಹಾಗೆ ಬಾಯಿ ಹಾಕುವಾಗ ಬೇಡ ಅಂದರೂ ಎರಡು ಮಾತು ಕಿವಿಗೆ ಬೀಳುತ್ತಿತ್ತು. ತುಂಬ ಜನ "ಹಲೋ, ಕೇಳಿಸ್ತಾ ಇದ್ಯಾ, ಎಲ್ಲ ಚೆನ್ನಾಗಿದ್ದೀರಾ, ಹೂಂ, ನೀವು?" ಅನ್ನುವುದರಲ್ಲೇ ಮೂರು ನಿಮಿಷ ಮುಗಿಸುತ್ತಿದ್ದರು. ಅಪರೂಪಕ್ಕೆ ಒಬ್ಬರು "ಕರು ಹಾಲು ಕುಡೀತಾ ಇದ್ಯಾ?" ಅಂತ ನೇರವಾಗಿ ಶುರು ಮಾಡುತ್ತಿದ್ದರು. ಎಕ್ಸ್‌ಟೆಂಡ್ ಮಾಡಿಸುತ್ತಿದ್ದವರು ಇಂಥವರೇ.

ಈಗ ಮಾತಿಗೆ ಹೆಚ್ಚುಕಮ್ಮಿ ದುಡ್ಡೇ ಇಲ್ಲ. ಆದರೂ ಹನುಮಂತನಗರದ ನಮ್ಮ ಪಕ್ಕದ ಮನೆ ಹುಡುಗಿ ಮೊನ್ನೆ ಹೇಳಿದಳು: "ಆಂಟಿ, ಕಾಲೇಜ್ ಫ್ರೆಂಡ್ಸ್‌ಗೆ ಫೋನ್ ಮಾಡಿದ್ರೆ ಎರಡು ನಿಮಿಷದಲ್ಲಿ ಮಾತು ಖಾಲಿ. ನೀವು ಅದೇನು ದಿನಾ ಅಷ್ಟೊಂದು ಮಾತಾಡ್ತೀರಾ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾಲ್ಕು ಜನ. ಎಕ್ಸ್‌ಚೇಂಜಿನಲ್ಲಿ ಹೆಸರಿಗಿಂತ ಊರೇ ಮುಂದೆ. "ಏ ಹುಬ್ಬಳ್ಳಿ, ಬೆಂಗಳೂರು ಮಾತಾಡ್ತಿರೋದು" ಅಂತಲೇ ಕೂಗುತ್ತಿದ್ದೆವು. ಆ ಚಟ ಈಗಲೂ ಬಿಟ್ಟಿಲ್ಲ. ಹುಬ್ಬಳ್ಳಿ ಅಲ್ಲಿನ ಎಕ್ಸ್‌ಚೇಂಜಿನಲ್ಲಿದ್ದವಳು. ನೈಟ್ ಡ್ಯೂಟಿಯಲ್ಲಿ ಲೈನ್ ಖಾಲಿ ಇದ್ದಾಗ ಮಾತಾಡಿ ಮಾತಾಡಿ ಗೆಳತಿಯಾದಳು. ಅದು ರೂಲ್ಸಿಗೆ ವಿರುದ್ಧ, ಒಪ್ಪುತ್ತೇನೆ. ಅವಳ ಮುಖ ನೋಡಿದ್ದು ಆರು ವರ್ಷದ ಮೇಲೆ. ಶಿರಸಿ ಮತ್ತು ಮೆಲ್ಬರ್ನ್ ಇಬ್ಬರೂ ನನ್ನ ಅಕ್ಕಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದವರು. ಬಿಎಸ್‌ಎನ್‌ಎಲ್ ಸ್ವಯಂ ನಿವೃತ್ತಿ ಕೊಟ್ಟಾಗ, 2020ರ ಜನವರಿ 31ರಂದು, ನಾವು ನಾಲ್ವರೂ ಒಂದೇ ದಿನ ಮನೆಗೆ ಬಂದೆವು. ಒಬ್ಬಳು ಶಿರಸಿ ಹತ್ತಿರ ಗಂಡನ ಅಡಿಕೆ ತೋಟಕ್ಕೆ ಹೋದಳು. ಇನ್ನೊಬ್ಬಳು ಮಗಳ ಬಾಣಂತನಕ್ಕೆ ಅಂತ ಮೆಲ್ಬರ್ನ್‌ಗೆ ಹೋದವಳು ಅಲ್ಲೇ ಉಳಿದಳು. ನಾನು ಇಲ್ಲೇ ಇದ್ದೇನೆ. ಮೂವತ್ತು ನಲವತ್ತರ ಸೈಟು, ಮೇಲೊಂದು ತಾರಸಿ, ತಾರಸಿ ತುಂಬ ಪೇಂಟ್ ಡಬ್ಬಿ, ಡಬ್ಬಿಯಲ್ಲಿ ಗಿಡ.

ಚೀಟಿ ಬರೆದಿಡಿ

ನಾವು ಒಂದೊಂದು ಕಾಲ್‌ಗೂ ಒಂದು ಟಿಕೆಟ್ ಬರೆಯುತ್ತಿದ್ದೆವು. ಯಾರು, ಯಾವ ಊರು, ಎಷ್ಟು ಹೊತ್ತಿಗೆ ಸಿಕ್ಕಿತು, ಎಷ್ಟು ನಿಮಿಷ. ಸಿಗದ ಕಾಲ್‌ನ ಟಿಕೆಟ್ ಬಾಕಿ ಅಂತ ಪಕ್ಕಕ್ಕೆ ಇಡುತ್ತಿದ್ದೆವು. ಶಿಫ್ಟ್ ಮುಗಿದರೆ ಮುಂದಿನವಳಿಗೆ ಅದನ್ನು ಕೊಟ್ಟು ಹೋಗಬೇಕು.

ನನ್ನ ಹರಟೆಯ ಗುಟ್ಟೂ ಇದೇ. ಫೋನ್ ಇಟ್ಟ ತಕ್ಷಣ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ. ಏನು ಮಾತಾಡಿದೆವು ಅಂತ ಅಲ್ಲ, ಯಾವುದು ಬಾಕಿ ಇದೆ ಅಂತ. "ಹುಬ್ಬಳ್ಳಿ: ಗ್ಯಾಸ್ ಒಲೆ ರಿಪೇರಿಗೆ ಗುರುವಾರ ಬರ್ತಾನಂತೆ." ಇಷ್ಟೇ ಸಾಕು. ಶುಕ್ರವಾರ ಫೋನ್ ಮಾಡಿ "ಏನ್ ಸಮಾಚಾರ?" ಅಂದರೆ "ಏನೂ ಇಲ್ಲ ಬಿಡವಾ" ಅನ್ನುತ್ತಾಳೆ. "ಒಲೆಯವನು ಬಂದನಾ?" ಅಂದರೆ ಕಥೆ ಶುರು. ಅವನು ಬರಲಿಲ್ಲ, ಬದಲಿಗೆ ತಮ್ಮನನ್ನು ಕಳಿಸಿದ, ಆ ತಮ್ಮ ಒಲೆ ಬಿಚ್ಚಿಟ್ಟು ಚಹಾ ಕುಡಿದು ಹೋದವನು ಪತ್ತೆಯಿಲ್ಲ.

"ಊಟ ಆಯ್ತಾ" ಬೇಡ ಅಂತ ಹೇಳುತ್ತಿಲ್ಲ. ಅದನ್ನು ಬಿಟ್ಟರೆ ನಾವು ಕನ್ನಡದವರೇ ಅಲ್ಲ. ಆದರೆ ಅದು ಬಾಗಿಲು ಬಡಿದ ಹಾಗೆ. ಬಡಿದು ಅಲ್ಲೇ ನಿಲ್ಲಬಾರದು. ಶಿರಸಿಯವಳು "ಆಯ್ತು" ಅಂದರೆ ನಾನು "ಏನು ಸಾರು?" ಅನ್ನುತ್ತೇನೆ. "ತಂಬುಳಿ" ಅಂದರೆ "ಯಾವ ಸೊಪ್ಪಿನದು?" ಅನ್ನುತ್ತೇನೆ. ಅಲ್ಲಿಂದ ಹಿತ್ತಲಿಗೆ ಎರಡೇ ಹೆಜ್ಜೆ.

ಬರೆದಿಡುವುದು ನಾಟಕ ಅಂತ ನನ್ನ ಮಗ ನಗುತ್ತಾನೆ. ನಗಲಿ. ಅರವತ್ತು ದಾಟಿದ ಮೇಲೆ ನೆನಪನ್ನು ನಂಬಿಕೊಂಡು ಕೂರುವುದಕ್ಕಿಂತ ಪೆನ್ನು ನಂಬುವುದು ವಾಸಿ.

ಹೊತ್ತು ನೋಡಿ

ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಳ್ಳುತ್ತಾರೆ. ಆಗ ಐದೂವರೆ. ಏಪ್ರಿಲ್ ಮೊದಲ ಭಾನುವಾರ ಮತ್ತೆ ನಾಲ್ಕೂವರೆ. ಈ ಎರಡು ಭಾನುವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ.

ಗುರುತು ಹಾಕಿದ್ದು ಏಟು ಬಿದ್ದ ಮೇಲೆ. ಅವಳು ಹೋದ ಹೊಸದರಲ್ಲಿ ಒಂದು ಜುಲೈ ರಾತ್ರಿ ನಮ್ಮ ತಾರಸಿಯಲ್ಲಿ ಬ್ರಹ್ಮಕಮಲ ಅರಳಿತು. ಒಂದೇ ಗಿಡದಲ್ಲಿ ಹನ್ನೊಂದು ಹೂ. ಹತ್ತು ಗಂಟೆ. ಹಿಂದೆಮುಂದೆ ನೋಡದೆ ವಿಡಿಯೋ ಕಾಲ್ ಒತ್ತಿದೆ. ಅಲ್ಲಿ ಬೆಳಗಿನ ಜಾವ ಎರಡೂವರೆ. ಮೊದಲು ಫೋನ್ ಕೂಗಿತು, ಆಮೇಲೆ ಕೂಸು. ಅಳಿಯ ಗಾಬರಿಯಿಂದ "ಇಂಡಿಯಾದಲ್ಲಿ ಯಾರಿಗೆ ಏನಾಯ್ತು?" ಅಂತ ಎದ್ದು ಬಂದ. ಹೂ ಬಿಟ್ಟಿದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳಿದೆ. ನಲವತ್ತು ವರ್ಷ ಟೈಮ್ ನೋಡಿ ಟಿಕೆಟ್ ಬರೆದವಳು ಅಂತ ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಈಗ ಬ್ರಹ್ಮಕಮಲವನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡು ಬೆಳಗ್ಗೆ ಕಳಿಸುತ್ತೇನೆ.

ನಮ್ಮಿಬ್ಬರಿಗೆ ಸರಿಹೋಗುವ ಹೊತ್ತು ಇಲ್ಲಿನ ಬೆಳಗ್ಗೆ ಆರೂವರೆ. ಅವಳ ಮಗಳು ಅಳಿಯ ಕೆಲಸಕ್ಕೆ ಹೋಗಿ, ಕೂಸು ಮಲಗಿರುತ್ತದೆ. ನಾನು ಗಿಡಕ್ಕೆ ನೀರು ಹಾಕುತ್ತಿರುತ್ತೇನೆ. ಹುಬ್ಬಳ್ಳಿಗೆ ಮಧ್ಯಾಹ್ನ ಮೂರು. ಶಿರಸಿಗೆ ಹೊತ್ತು ಅಂತ ಇಲ್ಲ, ನೆಟ್‌ವರ್ಕ್ ಸಿಕ್ಕಿದಾಗ. ಮಳೆಗಾಲದಲ್ಲಿ ಅವರಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಸುದ್ದಿಯೇ ಇರುವುದಿಲ್ಲ. ಮೆಸೇಜಿಗೆ ಒಂದೇ ಟಿಕ್ ಕಂಡರೆ ಮುನಿಸಿಕೊಳ್ಳಬೇಡಿ, ಅದು ಅವಳಿಗೆ ಮುಟ್ಟೇ ಇಲ್ಲ. ಎರಡು ಟಿಕ್ ನೀಲಿಯಾಗಿಯೂ ಉತ್ತರ ಬರದಿದ್ದರೂ ಮುನಿಸಿಕೊಳ್ಳಬೇಡಿ. ಹಾಲು ಉಕ್ಕುತ್ತಿರಬಹುದು.

ಇನ್ನೊಂದು ಮಾತು. ಸುಮ್ನೆ ಕೂತು ಮಾತಾಡಬೇಡಿ, ಕೈಗೆ ಏನಾದರೂ ಕೆಲಸ ಇರಲಿ. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬಂದಾಗ ನಾನು ಎರಡು ಕೆಜಿ ಕಾಳು ನೆನೆಸಿಕೊಂಡು, ಫೋನ್ ಸ್ಪೀಕರಿಗೆ ಹಾಕಿ, ಹಿತಕುತ್ತಾ ಕೂರುತ್ತೇನೆ. ಎಷ್ಟು ಮಾತಾಡಿದೆವು ಅನ್ನುವುದು ಪಾತ್ರೆ ನೋಡಿದರೆ ಗೊತ್ತಾಗುತ್ತದೆ. ಕೈಗೆ ಕೆಲಸ ಇದ್ದರೆ ನಡುವೆ ಇಬ್ಬರೂ ಸುಮ್ಮನಾದರೂ ಕಸಿವಿಸಿ ಇಲ್ಲ. ಆ ಕಡೆಯಿಂದ ಅವಳು ಪಾತ್ರೆ ತೊಳೆಯುವ ಸದ್ದು, ಈ ಕಡೆಯಿಂದ ನನ್ನ ಕಾಳಿನ ಸದ್ದು.

ಗಿಡದ ಮಾತು

ಮಾತು ಎಲ್ಲಿಂದ ಶುರು ಮಾಡುವುದು ಅಂತ ತೋಚದಿದ್ದರೆ ಗಿಡದಿಂದ ಶುರು ಮಾಡಿ. ಮಕ್ಕಳ ವಿಷಯ ಕೇಳಿದರೆ ನೋವಾಗಬಹುದು, ಆರೋಗ್ಯ ಕೇಳಿದರೆ ದುಃಖ ಬರಬಹುದು. ಕರಿಬೇವು ಹೇಗಿದೆ ಅಂದರೆ ಯಾರಿಗೂ ಏನೂ ಆಗುವುದಿಲ್ಲ. ಅಲ್ಲದೆ ಗಿಡ ದಿನಾ ಏನಾದರೂ ಒಂದು ಮಾಡುತ್ತಲೇ ಇರುತ್ತದೆ. ಚಿಗುರುತ್ತದೆ, ಸೊರಗುತ್ತದೆ, ಹುಳ ಹಿಡಿಯುತ್ತದೆ. ಅಂದರೆ ಬಾಕಿ ತೀರುವುದೇ ಇಲ್ಲ.

ಆದರೆ ಎದುರಿನವಳ ಊರಿನ ಕಾಲ ತಿಳಿದುಕೊಂಡು ಕೇಳಬೇಕು. ಮೆಲ್ಬರ್ನ್‌ನಲ್ಲಿ ಎಲ್ಲ ತಿರುವುಮುರುವು. ಇಲ್ಲಿ ಮಾವಿನಹಣ್ಣಿನ ಕಾಲ ಮುಗಿಯುವಾಗ ಅಲ್ಲಿ ಚಳಿ. ಜುಲೈಯಲ್ಲಿ "ಟೊಮೆಟೊ ಹೇಗಿದೆ?" ಅಂದರೆ ಅವಳು ನಗುತ್ತಾಳೆ. ಅಲ್ಲಿ ನವೆಂಬರ್ ಮೊದಲ ಮಂಗಳವಾರ ದೊಡ್ಡ ಕುದುರೆ ರೇಸು, ಊರಿಗೆಲ್ಲ ರಜ. ಆ ಹೊತ್ತಿಗೆ ಟೊಮೆಟೊ ಸಸಿ ನೆಡಬೇಕು ಅಂತ ಅಲ್ಲಿನವರ ಲೆಕ್ಕ. ನಮ್ಮಲ್ಲಿ ಯುಗಾದಿಗೆ ಇಂಥದ್ದು, ದೀಪಾವಳಿಗೆ ಇಂಥದ್ದು ಅನ್ನುವ ಹಾಗೆ. ಜುಲೈಯಲ್ಲಿ ಕೇಳಬೇಕಾದ್ದು "ಕರಿಬೇವಿನ ಕುಂಡ ಒಳಗಿಟ್ಟೆಯಾ?" ಅಂತ. ಚಳಿಗೆ ಅದು ಎಲೆ ಉದುರಿಸುತ್ತದೆ. ಅವಳು ಅದನ್ನು ಕಿಟಕಿ ಹತ್ತಿರ ಇಟ್ಟು, ಮೊಮ್ಮಗಳಿಗಿಂತ ಹೆಚ್ಚು ನೋಡಿಕೊಳ್ಳುತ್ತಾಳೆ.

ಶಿರಸಿಯಲ್ಲಿ ಈಗ ಅಡಿಕೆಗೆ ಕೊಳೆರೋಗದ ಭಯ. ಮಳೆ ಬಿಡದೆ ಹೊಡೆದರೆ ಕಾಯಿ ಕೊಳೆತು ಉದುರುತ್ತದೆ. ಮೈಲುತುತ್ತ, ಸುಣ್ಣ ಕೂಡಿಸಿ ಬೋರ್ಡೋ ದ್ರಾವಣ ಮಾಡಿ ಗೊನೆಗೆ ಹೊಡೆಸಬೇಕು. ಮಳೆ ಎರಡು ದಿನ ಬಿಡುವು ಕೊಡಬೇಕು, ಅದೇ ಎರಡು ದಿನ ಮರ ಹತ್ತುವ ಕೊನೆಗೌಡನೂ ಸಿಗಬೇಕು. ಎರಡೂ ಕೂಡಿ ಬರುವುದು ಮದುವೆ ಮುಹೂರ್ತಕ್ಕಿಂತ ಕಷ್ಟ. ಹಾಗಾಗಿ ಆಷಾಢದಲ್ಲಿ ಶಿರಸಿಗೆ ನನ್ನ ಪ್ರಶ್ನೆ ಒಂದೇ: "ಕೊನೆಗೌಡ ಸಿಕ್ಕಿದನಾ?" ಈ ಪದ ಕಲಿತದ್ದೇ ಅವಳಿಂದ. ಅವಳ ಕೆಲಸದ ಪದವನ್ನು ನಾವು ಕಲಿತು ಆಡಿದರೆ ಅವಳಿಗೆ ಎಷ್ಟು ಖುಷಿ ಅಂತ ಒಮ್ಮೆ ಮಾಡಿ ನೋಡಿ. ಹುಬ್ಬಳ್ಳಿಗಾದರೆ ಚಳಿಗಾಲದಲ್ಲಿ "ಸೀತನಿ ಬಂತೇನವಾ?" ಅನ್ನುತ್ತೇನೆ. ಎಳೇ ಜೋಳದ ತೆನೆ ಸುಟ್ಟು ಉದುರಿಸಿದ್ದು ಅದು. ನನ್ನ ಬಾಯಲ್ಲಿ ಆ "ಏನವಾ" ಕೇಳಿ ಅವಳು ಬಿದ್ದು ಬಿದ್ದು ನಗುತ್ತಾಳೆ.

ಗಿಡಕ್ಕೆ ಏನೋ ಆಗಿದೆ, ಗೆಳತಿಯ ಸಲಹೆ ಬೇಕು ಅಂದರೆ ಒಂದು ಫೋಟೋ ಸಾಲದು. ಮೂರು ಕಳಿಸಿ. ಇಡೀ ಗಿಡದ್ದು ಒಂದು. ಎಲೆ ಮಗುಚಿ ಅಡಿಭಾಗದ್ದು ಒಂದು, ಹುಳ ಅಡಗಿ ಕೂರುವುದು ಅಲ್ಲೇ. ಬುಡದ ಮಣ್ಣಿನದು ಇನ್ನೊಂದು, ನೀರು ಜಾಸ್ತಿಯೋ ಕಮ್ಮಿಯೋ ಅದರಲ್ಲಿ ಕಾಣುತ್ತದೆ. ಎಲೆಯ ಪಕ್ಕ ನಿಮ್ಮ ಬೆರಳು ಇರಲಿ, ಅಳತೆ ತಿಳಿಯುತ್ತದೆ. ಬೆಳಗ್ಗೆ ಏಳರ ಬೆಳಕಿನಲ್ಲಿ ತೆಗೆಯಿರಿ, ಮಧ್ಯಾಹ್ನ ತೆಗೆದರೆ ಎಲ್ಲ ಬಿಳಿಚಿಕೊಳ್ಳುತ್ತದೆ. ನನ್ನ ದಾಸವಾಳಕ್ಕೆ ಹತ್ತಿಯ ಹಾಗೆ ಬಿಳಿ ಹುಳ ಮೆತ್ತಿಕೊಂಡಾಗ ಶಿರಸಿಯವಳು ಹೀಗೇ ನೋಡಿ ಹೇಳಿದಳು: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸು, ವಾರ ಬಿಟ್ಟು ಮತ್ತೆ. ಹೋಯಿತು. ಸಲಹೆ ಕೇಳಿದ ಮೇಲೆ ಏನಾಯಿತು ಅಂತ ತಿಳಿಸುವುದು ನಿಮ್ಮ ಸಾಲ. ಗಿಡ ಸತ್ತರೂ ತಿಳಿಸಿ. ಸತ್ತ ಗಿಡದ ಮೇಲೆ ನಾವು ಆಡಿರುವಷ್ಟು ಮಾತು ಬದುಕಿರುವ ಗಿಡದ ಮೇಲೆ ಆಡಿಲ್ಲ.

ಗಿಡ ಹಂಚಿಕೊಂಡರಂತೂ ಮಾತು ಬೇರು ಬಿಟ್ಟ ಹಾಗೆ. ಬ್ರಹ್ಮಕಮಲ ಇದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಮನೆಗಳಲ್ಲಿ ಇರುವುದು ಹಿಮಾಲಯದ ಬ್ರಹ್ಮಕಮಲ ಅಲ್ಲ, ಕಳ್ಳಿಯ ಜಾತಿ. ಒಂದು ಎಲೆ ನೆಟ್ಟರೆ ಸಾಕು, ಬರುತ್ತದೆ. ಎಲೆ ಕತ್ತರಿಸಿ ಎರಡು ದಿನ ನೆರಳಲ್ಲಿಡಿ, ಕತ್ತರಿಸಿದ ಜಾಗ ಒಣಗಬೇಕು. ಆಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟು ಸ್ಪೀಡ್ ಪೋಸ್ಟ್ ಮಾಡಿ. ಪ್ಲಾಸ್ಟಿಕ್ ಬೇಡ, ಬೆವತು ಕೊಳೆಯುತ್ತದೆ. ಶಿರಸಿಗೂ ಹುಬ್ಬಳ್ಳಿಗೂ ಹೀಗೇ ಹೋಯಿತು. ಮೆಲ್ಬರ್ನ್‌ಗೆ ಕಳಿಸುವ ಹಾಗಿಲ್ಲ. ಗಿಡ, ಬೀಜ, ಮಣ್ಣು ಒಳಗೆ ಬಿಡುವುದರಲ್ಲಿ ಆಸ್ಟ್ರೇಲಿಯಾ ಬಲು ಕಟ್ಟುನಿಟ್ಟು. ಪ್ರೀತಿ ಜಾಸ್ತಿಯಾಗಿ ಸೀರೆ ಮಡಿಕೆಯಲ್ಲಿ ಬೀಜ ಇಟ್ಟು ಕಳಿಸಲು ಹೋಗಬೇಡಿ, ದಂಡ ಕಟ್ಟುವವಳು ನಿಮ್ಮ ಗೆಳತಿ. ಅವಳು ಅಲ್ಲೇ ನರ್ಸರಿಯಲ್ಲಿ ಒಂದು ಗಿಡ ಕೊಂಡಳು. ನಮ್ಮ ಮೂವರದ್ದು ಅಕ್ಕತಂಗಿ ಗಿಡಗಳು, ಅವಳದ್ದು ದತ್ತು. ಯಾರದ್ದು ಮೊದಲು ಮೊಗ್ಗು ಬಿಡುತ್ತದೆ ಅಂತ ವರ್ಷಾ ವರ್ಷ ಪಂದ್ಯ.

ಬೆಂಗಳೂರಿನ ಕಡೆಯಿಂದ ನಾನು ಹೇಳುವುದಕ್ಕೂ ಏನಾದರೂ ಬೇಕಲ್ಲ? ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋ ಇದೆ, ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಇದೆ. ಪರಿಷೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಅವರು ಹೆಚ್ಚು ಕೇಳಿದ್ದು 2024ರ ಬೇಸಿಗೆಯ ಕಥೆ. ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ. ಕುಡಿಯುವ ನೀರನ್ನು ಗಿಡಕ್ಕೆ, ಕಾರಿಗೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನಾನು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಫಿಲ್ಟರಿನಿಂದ ಹೊರಗೆ ಹೋಗುವ ನೀರು ಎಲ್ಲ ಬಕೆಟ್ಟಿನಲ್ಲಿ ಹಿಡಿದು ತಾರಸಿಗೆ ಹೊತ್ತೆ. ಇಂಥ ಗಿಡಕ್ಕೆ ಇವತ್ತು ನೀರಿಲ್ಲ ಅಂತ ಗ್ರೂಪಿನಲ್ಲಿ ಹಾಕಿದರೆ ಮೂವರೂ ವಾದ ಮಾಡುತ್ತಿದ್ದರು. ಶಿರಸಿಯವಳು "ಬಸಳೆ ಸಾಯಲಿ, ಮಲ್ಲಿಗೆ ಉಳಿಸು" ಅಂದಳು. ಹುಬ್ಬಳ್ಳಿಯವಳು ಉಲ್ಟಾ, "ತಿನ್ನೂದು ಉಳಸವಾ, ಹೂ ಕೊಂಡ್ರಾತು". ಮಲ್ಲಿಗೆ ಉಳಿಯಿತು.

ಕೆಲಸದ ಮಾತು

ಹುಬ್ಬಳ್ಳಿಯವಳು ನಿವೃತ್ತಿಯ ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಜೊತೆಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. "ಬಿಸ್ನೆಸ್ ಹೆಂಗಿದೆ?" ಅಂದರೆ "ನಡದೈತಿ ಬಿಡು." "ಈ ವಾರ ಎಷ್ಟು ರೊಟ್ಟಿ ಹೋದ್ವು? ಜೋಳದ ರೇಟು ಇಳೀತಾ?" ಅಂದರೆ ಅರ್ಧ ಗಂಟೆ. ಎಷ್ಟು, ಯಾರು, ಯಾವಾಗ ಅಂತ ಕೇಳಿ. ಹೇಗಿದೆ ಅಂತ ಕೇಳಬೇಡಿ. ಆದರೆ ಎಷ್ಟು ಲಾಭ ಅಂತಲೂ ಕೇಳಬೇಡಿ, ಅದು ಅವಳಾಗಿ ಹೇಳಿದರೆ ಉಂಟು. ನಾನು ವಾರಕ್ಕೆ ಮೂರು ದಿನ ಒಂದು ಮಕ್ಕಳ ಲೈಬ್ರರಿಯಲ್ಲಿ ಕೂರುತ್ತೇನೆ. ಪುಸ್ತಕ ಕಳೆದವರು ಹೇಳುವ ಸುಳ್ಳುಗಳೇ ನನ್ನ ಸರಕು. ಪುಸ್ತಕವನ್ನು ಮೇಕೆ ತಿಂದಿತು ಅಂತ ಒಬ್ಬ. ಹನುಮಂತನಗರದಲ್ಲಿ ಮೇಕೆ!

ಮನೆಯ ಮಾತು, ಮತ್ತು ನನ್ನ ದೊಡ್ಡ ತಪ್ಪು

ಶಿರಸಿಯವಳ ಮಗ ಇಲ್ಲೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಎರಡು ವರ್ಷದ ಹಿಂದೆ ಪೇಪರಿನಲ್ಲಿ ಯಾವುದೋ ಸುದ್ದಿ ಓದಿ, ಗ್ರೂಪಿನಲ್ಲೇ ಕೇಳಿಬಿಟ್ಟೆ: "ಮಗನ ಕಂಪನಿಯಲ್ಲಿ ಜನರನ್ನ ತೆಗೀತಿದ್ದಾರಂತೆ, ಅವನದ್ದು ಸೇಫಾ?" ಕಾಳಜಿಯಿಂದಲೇ ಕೇಳಿದ್ದು. ಅವನ ಕೆಲಸ ಹೋಗಿ ಆಗಲೇ ಮೂರು ವಾರ ಆಗಿತ್ತು, ತಾಯಿಗೆ ಹೇಳಿರಲಿಲ್ಲ. ನನ್ನ ಮೆಸೇಜ್ ನೋಡಿ ಅವಳು ಅವನನ್ನು ಕೇಳಿದಳು. ವಿಷಯ ಹೊರಗೆ ಬಂತು.

ಐದು ವಾರ ಶಿರಸಿಯಿಂದ ಮಾತಿಲ್ಲ. ಆಗ ನೆಟ್‌ವರ್ಕಿನ ದೋಷವೂ ಅಲ್ಲ, ಎರಡು ನೀಲಿ ಟಿಕ್.

ಅಲ್ಲಿಂದ ನಮ್ಮದು ಒಂದು ಕಟ್ಟಳೆ. ಮಕ್ಕಳ ಕೆಲಸ, ಮದುವೆ, ಮೊಮ್ಮಕ್ಕಳು ಯಾವಾಗ ಅನ್ನುವುದು, ಆಸ್ಪತ್ರೆ ರಿಪೋರ್ಟು, ಇಷ್ಟನ್ನು ಗ್ರೂಪಿನಲ್ಲಿ ಕೇಳುವಂತಿಲ್ಲ. ಒಬ್ಬರಿಗೊಬ್ಬರು ಫೋನಿನಲ್ಲೂ ಅವಳಾಗಿ ಎತ್ತಿದರೆ ಮಾತ್ರ. ಎತ್ತಿದ ಮೇಲೆ ಮುಂದಿನ ಸಲ ಕೇಳುವುದು ನಮ್ಮ ಕರ್ತವ್ಯ. ಅದನ್ನು ಮರೆತರೆ ಅದೂ ತಪ್ಪೇ.

ತಪ್ಪಾದರೆ ಸರಿ ಮಾಡುವುದು ಹೇಗೆ? ನಾನು ಒಂದು ಸಲ ಕ್ಷಮೆ ಕೇಳಿದೆ, ಖಾಸಗಿಯಾಗಿ, ಒಂದೇ ಸಾಲಿನಲ್ಲಿ. ಮತ್ತೆ ಮತ್ತೆ ಕೈಮುಗಿಯುವ ಚಿತ್ರ ಕಳಿಸಲಿಲ್ಲ. ಹಾಗೆ ಕಳಿಸಿದರೆ ನಮ್ಮನ್ನು ಸಮಾಧಾನ ಮಾಡುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ ಹಾಗೆ. ಬದಲಿಗೆ ಅವಳ ಮಗನಿಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಬಾ ಅಂದೆ. ಬಂದ. ಹಿತಕಿದಬೇಳೆ ಸಾರು, ರಾಗಿಮುದ್ದೆ ಹಾಕಿದೆ. ಕೆಲಸದ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ತಟ್ಟೆಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ ಅಂತ ಕಾಣುತ್ತದೆ. ಮಾರನೇ ದಿನ ಬೆಳಗ್ಗೆ ಶಿರಸಿಯಿಂದ ಮೆಸೇಜ್ ಬಂತು: "ಸಾರಿಗೆ ಉಪ್ಪು ಜಾಸ್ತಿ ಆಗಿತ್ತಡ." ಅಷ್ಟು ಓದಿ ನಾನು ಅಡುಗೆಮನೆಯಲ್ಲಿ ಅತ್ತೆ.

ಸಾವಿನ ಸುದ್ದಿ ಬಂದಾಗ ಗ್ರೂಪಿನಲ್ಲಿ ಹೂವಿನ ಚಿತ್ರ, ಮೂರಕ್ಷರದ ಇಂಗ್ಲಿಷು ಹಾಕಿ ಸುಮ್ಮನಾಗಬೇಡಿ. ಹುಬ್ಬಳ್ಳಿಯವಳ ಯಜಮಾನರು 2021ರಲ್ಲಿ ತೀರಿಕೊಂಡರು. ಹೋಗಲು ಆಗದ ದಿನಗಳು ಅವು. ನಾನು ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದೆ. ಅವಳು ಅಳುತ್ತಿದ್ದಳು, ಇಲ್ಲವೇ ಸುಮ್ಮನಿರುತ್ತಿದ್ದಳು. ನಾನು ಸಮಾಧಾನದ ಮಾತು ಹೇಳುತ್ತಿರಲಿಲ್ಲ, ನನಗೆ ಬರುವುದೂ ಇಲ್ಲ. ಮೂರು ನಿಮಿಷ ಆದಾಗ "ತ್ರೀ ಮಿನಿಟ್ಸ್ ಆಯ್ತು, ಎಕ್ಸ್‌ಟೆಂಡ್ ಮಾಡ್ಲಾ?" ಅನ್ನುತ್ತಿದ್ದೆ. "ಬ್ಯಾಡ" ಅನ್ನುತ್ತಿದ್ದಳು. ಇಡುತ್ತಿದ್ದೆ. ಎಷ್ಟೋ ದಿನ ಹೀಗೇ. ಒಂದು ದಿನ "ಮಾಡು" ಅಂದಳು.

ಇನ್ನು ಚಿಕ್ಕಪುಟ್ಟದ್ದು

ದನಿ ಮೆಸೇಜ್ ಎರಡು ನಿಮಿಷ ಮೀರದಿರಲಿ. ವಿಷಯ ಮೊದಲ ಸಾಲಿನಲ್ಲೇ ಬರಲಿ, "ಅಂದಹಾಗೆ" ಅಂತ ಕೊನೆಗೆ ಇಡಬೇಡಿ. ಗುಡ್ ಮಾರ್ನಿಂಗ್ ಚಿತ್ರ ನಮ್ಮ ಗ್ರೂಪಿನಲ್ಲಿ ನಿಷೇಧ, ಹಬ್ಬಕ್ಕೆ ಮಾತ್ರ ರಿಯಾಯಿತಿ. ಗೆಳತಿಯ ದನಿಯನ್ನು ಎರಡು ಪಟ್ಟು ಸ್ಪೀಡಿನಲ್ಲಿ ಕೇಳಬೇಡಿ, ಅವಳು ನಿಟ್ಟುಸಿರು ಬಿಟ್ಟದ್ದು ಕಾಣೆಯಾಗಿಬಿಡುತ್ತದೆ.

ಫೋನ್ ಇಡುವಾಗ ಎಲ್ಲ ಮಾತು ಮುಗಿಸಿ ಇಡಬೇಡಿ. "ಆ ನರ್ಸರಿಯವನ ಕಥೆ ನಾಳೆ ಹೇಳ್ತೀನಿ" ಅಂತ ಒಂದನ್ನು ಬೇಕಂತಲೇ ಉಳಿಸಿ. ಮೆಲ್ಬರ್ನ್ ಇದರಲ್ಲಿ ನಿಸ್ಸೀಮಳು. ಒಮ್ಮೆ "ಪಕ್ಕದ ಮನೆ ಮುದುಕ ಇವತ್ತು ಬೇಲಿ ಹತ್ತಿರ ಬಂದು ಒಂದು ಮಾತು ಹೇಳಿದ ಕಣೇ... ಇರು, ಕೂಸು ಎದ್ದಿತು" ಅಂತ ಇಟ್ಟವಳು ನನ್ನನ್ನು ಎರಡು ದಿನ ಕಾಯಿಸಿದಳು. ಕೊನೆಗೆ ಅವನು ಹೇಳಿದ್ದು, ನಿಮ್ಮ ಒಗ್ಗರಣೆ ವಾಸನೆ ಚೆನ್ನಾಗಿರುತ್ತದೆ ಅಂತ.

ಇವತ್ತಿನ ನನ್ನ ಚೀಟಿ ಹೀಗಿದೆ. ಶಿರಸಿ: ಕೊನೆಗೌಡ ಬುಧವಾರ ಬರ್ತೀನಿ ಅಂದಿದ್ದ. ಹುಬ್ಬಳ್ಳಿ: ಮೊಣಕಾಲಿನ ಎಣ್ಣೆ ತರಿಸಿಕೊಂಡಳಾ? ಮೆಲ್ಬರ್ನ್: ದತ್ತು ಗಿಡ, ಎಲೆ ತುದಿ ಹಳದಿ, ಮೂರು ಫೋಟೋ ಕೇಳಬೇಕು. ನನ್ನ ಗಿಡದಲ್ಲಿ ನಾಲ್ಕು ಮೊಗ್ಗು ತೂಗುತ್ತಿವೆ, ಇವತ್ತು ರಾತ್ರಿ ಒಂದಾದರೂ ಬಿಡಬಹುದು. ಫೋನ್ ಚಾರ್ಜಿಗೆ ಹಾಕಿದ್ದೇನೆ. ಮೆಲ್ಬರ್ನ್‌ಗೆ ಬೆಳಗ್ಗೆ ಆರೂವರೆಗೆ.